ಹೆಸರು ಏನೇ ಇಡಲಿ, ಅದು ದುಡಿದ ದುಡ್ಡು

(ಪೀಣ್ಯದಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು, ಅಂಗನವಾಡಿಯವರು ಮತ್ತು ನಿವೃತ್ತ ನೌಕರರು ಸೇರಿದ್ದ ಸಭೆಯಲ್ಲಿ ಕಾರ್ಮಿಕ ವಕೀಲೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

2016ರ ಏಪ್ರಿಲ್‌ನಲ್ಲಿ ರಸ್ತೆಗೆ ಇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಒಮ್ಮೆ ಕೈ ಎತ್ತಿ. ಮೂರನೇ ಸಾಲು ಪೂರ್ತಿ ಎತ್ತಿದೆ. ಹಾಗಾದರೆ ನಾನು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯಿತು.

ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿತು. ಕೆಲಸ ಬಿಟ್ಟವರು ತಾವು ಕಟ್ಟಿದ ಪಾಲು ಮತ್ತು ಅದರ ಬಡ್ಡಿಯನ್ನು ಮಾತ್ರ ತೆಗೆದುಕೊಳ್ಳಬಹುದು, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವ ತನಕ ಸಿಗುವುದಿಲ್ಲ ಅಂತ. ಹೊಲಿಗೆ ಮಿಷನ್ ಮುಂದೆ ಕೂತವರಿಗೆ 58 ಅಂದರೆ ಏನರ್ಥ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಲವತ್ತಕ್ಕೇ ಸೊಂಟ ಹೋಗಿರುತ್ತದೆ. ಏಪ್ರಿಲ್ 18ಕ್ಕೆ ಹೊಸೂರು ರಸ್ತೆಯಲ್ಲಿ ಹೆಂಗಸರು ಮಿಷನ್ ಬಿಟ್ಟು ಹೊರಗೆ ಬಂದರು. 19ಕ್ಕೆ ನಮ್ಮ ಈ ಕಡೆಗೂ ಹಬ್ಬಿತು. ಅವತ್ತೇ ಸರ್ಕಾರ ಆ ಆದೇಶವನ್ನು ವಾಪಸ್ ತೆಗೆದುಕೊಂಡಿತು.

ಆ ವಾರ ನನ್ನ ಆಫೀಸಿಗೆ ಬಂದ ಒಬ್ಬ ಅಕ್ಕ ಒಂದು ಮಾತು ಕೇಳಿದರು. "ಮೇಡಂ, ಅದನ್ನ ಮಾಲೀಕರ ಪಾಲು ಅಂತ ಯಾಕೆ ಕರೀತಾರೆ? ನಾನು ದುಡೀದೇ ಇದ್ದಿದ್ರೆ ಅವರು ಕಟ್ತಿದ್ರಾ?"

ಈ ಪ್ರಶ್ನೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಯಾಕೆಂದರೆ ನಮ್ಮ ಕೋರ್ಟುಗಳು ಐವತ್ತು ವರ್ಷದಿಂದ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ. ಪೆನ್ಶನ್ ಕೊಡುವವರು ಅದನ್ನು ಸರ್ಕಾರದ ದಯೆ ಅನ್ನುತ್ತಾರೆ. ಗ್ರಾಚುಟಿ ಅಂದರೆ ಕೆಲಸ ಬಿಡುವಾಗ ಕಂಪನಿ ಖುಷಿಯಿಂದ ಕೊಡುವ ದುಡ್ಡು ಅನ್ನುತ್ತಾರೆ. ಅಂಗನವಾಡಿಯವರ ಸಂಬಳಕ್ಕೆ ಗೌರವಧನ ಅನ್ನುತ್ತಾರೆ. ಸಂಬಳದ ಒಂದು ತುಂಡಿಗೆ ಸ್ಪೆಷಲ್ ಅಲವೆನ್ಸ್ ಅಂತ ಹೆಸರಿಡುತ್ತಾರೆ. ಹೆಸರು ಬದಲಾದ ಕೂಡಲೇ ಹಕ್ಕು ಹೋಗುತ್ತದಾ? ಇವತ್ತು ನಾನು ಹೇಳುವ ತೀರ್ಪುಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇವೆ. ಎಲ್ಲದರಲ್ಲೂ ನಾವು ಗೆದ್ದಿಲ್ಲ. ಸೋತಿದ್ದನ್ನೂ ಹೇಳುತ್ತೇನೆ. ಅದೂ ನಿಮಗೆ ಗೊತ್ತಿರಬೇಕು.

ಮೊದಲು ಪೆನ್ಶನ್. 1979ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ಪೆನ್ಶನ್ ಲೆಕ್ಕವನ್ನು ಸ್ವಲ್ಪ ಉದಾರ ಮಾಡಿತು. ಆದರೆ ಒಂದು ಗೆರೆ ಎಳೆಯಿತು. ಆ ವರ್ಷ ಮಾರ್ಚ್ 31ರಂದು ಕೆಲಸದಲ್ಲಿದ್ದು ಆಮೇಲೆ ನಿವೃತ್ತರಾದವರಿಗೆ ಹೊಸ ಲೆಕ್ಕ, ಅದಕ್ಕೆ ಮುಂಚೆ ನಿವೃತ್ತರಾದವರಿಗೆ ಹಳೇ ಲೆಕ್ಕ. ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿದ ಇಬ್ಬರಿಗೆ, ಒಂದು ದಿನ ಹಿಂದೆ ಮುಂದೆ ಆಗಿದ್ದಕ್ಕೆ ಬೇರೆ ಬೇರೆ ಪೆನ್ಶನ್. ನಾಕರಾ ಕೇಸು ಅಂತ ಕರೆಯುತ್ತಾರೆ ಇದನ್ನು. ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 1982ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ಪೆನ್ಶನ್ ಯಾರೋ ದಯೆಯಿಂದ ಕೊಡುವ ದಾನ ಅಲ್ಲ, ಮೈಯಲ್ಲಿ ಶಕ್ತಿ ಇದ್ದಾಗ ಮಾಡಿದ ಕೆಲಸಕ್ಕೆ ಸಿಗುವ ಹಕ್ಕು, ಆ ಗೆರೆ ಸಮಾನತೆಗೆ ವಿರುದ್ಧ ಅಂತ. ನಿವೃತ್ತರು ಪ್ರತಿ ವರ್ಷ ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಅಂತ ಆಚರಿಸುವುದು ಇದೇ ಕಾರಣಕ್ಕೆ.

ಪೆನ್ಶನ್ ದಾನ ಅಲ್ಲ ಅನ್ನುವ ಮಾತು ಅದಕ್ಕೂ ಮುಂಚೆ, 1971ರಲ್ಲೇ, ಬಿಹಾರದ ಒಂದು ಕೇಸಿನಲ್ಲಿ ಬಂದಿತ್ತು. 2013ರಲ್ಲಿ ಜಾರ್ಖಂಡ್‌ನ ಕೇಸಿನಲ್ಲಿ ಇನ್ನೂ ಗಟ್ಟಿಯಾಗಿ ಬಂತು. ಪೆನ್ಶನ್, ಗ್ರಾಚುಟಿ ಎರಡೂ ನೌಕರನ ಆಸ್ತಿ, ಮನೆ, ಹೊಲ ಇದ್ದ ಹಾಗೆ. ಕಾನೂನಿನಲ್ಲಿ ಅಧಿಕಾರ ಇಲ್ಲದೆ, ಬರೀ ಇಲಾಖೆಯ ಸುತ್ತೋಲೆ ತೋರಿಸಿ ಅದನ್ನು ತಡೆಹಿಡಿಯುವ ಹಾಗಿಲ್ಲ. ಸಂವಿಧಾನದ 300ಎ ವಿಧಿ ಆಸ್ತಿಯನ್ನು ಕಾಯುವ ಹಾಗೆ ಇದನ್ನೂ ಕಾಯುತ್ತದೆ ಅಂತ.

ಇನ್ನು ಗ್ರಾಚುಟಿ. ಇದರಲ್ಲಿ ಸ್ವಲ್ಪ ಲೆಕ್ಕ ಇದೆ. ಪೆನ್ನು ಇದ್ದವರು ಬರೆದುಕೊಳ್ಳಿ.

1972ರ ಕಾಯ್ದೆ ಹೇಳಿದ್ದು ಸರಳವಾಗಿತ್ತು. ಐದು ವರ್ಷ ಬಿಡದೆ ಕೆಲಸ ಮಾಡಿದವರಿಗೆ, ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಅಥವಾ ಕೈಕಾಲು ಹೋಗಿ ಕೆಲಸ ಮಾಡಲಾಗದೆ ಹೋದರೆ ಐದು ವರ್ಷ ಆಗಿರಬೇಕು ಅಂತಿಲ್ಲ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಗಂಡ ಎರಡು ವರ್ಷಕ್ಕೇ ಹೋದ, ಏನೂ ಸಿಗಲ್ಲ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ.

ಸರಿ, 15 ದಿನದ ಸಂಬಳ ಅಂದರೆ ಎಷ್ಟು? ತಿಂಗಳ ಸಂಬಳದ ಅರ್ಧ ಅಂತ ಮಾಲೀಕರು ಹೇಳಿದರು. ತಿಂಗಳಿಗೆ 30 ದಿನ, 15 ಅಂದರೆ ಅರ್ಧ. ಕೇಳೋಕೆ ಸರಿಯಾಗೇ ಇದೆ. ಆದರೆ ನೀವು ತಿಂಗಳಿಗೆ 30 ದಿನ ದುಡಿಯುತ್ತೀರಾ? ವಾರದ ರಜೆ ಕಳೆದರೆ 26 ದಿನ. ಆ 26 ದಿನದ ದುಡಿಮೆಗೇ ತಿಂಗಳ ಸಂಬಳ ಬರುವುದು. ಹಾಗಾದರೆ ಒಂದು ದಿನದ ಸಂಬಳ ಅಂದರೆ ತಿಂಗಳ ಸಂಬಳದ 26ರಲ್ಲಿ ಒಂದು ಭಾಗ. ದಿಗ್ವಿಜಯ್ ಉಣ್ಣೆ ಗಿರಣಿಯ ಕೇಸಿನಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. 1987ರಲ್ಲಿ ಸಂಸತ್ತು ಅದನ್ನು ಕಾಯ್ದೆಯಲ್ಲೇ ಬರೆಯಿತು.

ಈ 26ಕ್ಕೂ 30ಕ್ಕೂ ಎಷ್ಟು ವ್ಯತ್ಯಾಸ ನೋಡಿ. ನಿಮ್ಮ ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 13,000 ಅಂತ ಇಟ್ಟುಕೊಳ್ಳಿ. 11 ವರ್ಷ ಸರ್ವಿಸ್. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಅದಕ್ಕೆ 11 ವರ್ಷ, 82,500 ರೂಪಾಯಿ. 30ರಿಂದ ಭಾಗಿಸಿದ್ದರೆ 71,500. ಒಂದು ಭಾಗಾಕಾರದಲ್ಲಿ 11,000 ರೂಪಾಯಿ. ನಿಮ್ಮಲ್ಲಿ ಒಬ್ಬರ ಒಂದು ತಿಂಗಳ ಸಂಬಳಕ್ಕೆ ಹತ್ತಿರ ಹತ್ತಿರ. ನನ್ನ ಹತ್ತಿರ ಬರುವ ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಕಾಗದಗಳಲ್ಲಿ ಈಗಲೂ 30ರಿಂದ ಭಾಗಿಸಿರುವುದು ಸಿಗುತ್ತದೆ. ತಪ್ಪಿನಿಂದ ಮಾಡಿರಬಹುದು, ಬೇಕಂತ ಮಾಡಿರಬಹುದು. ಸಹಿ ಹಾಕುವ ಮುಂಚೆ ನೀವೇ ಒಮ್ಮೆ ಭಾಗಿಸಿ ನೋಡಿ.

ಇನ್ನೊಂದು. ಕೊನೆಯ ವರ್ಷದಲ್ಲಿ ಆರು ತಿಂಗಳ ಮೇಲೆ ಆಗಿದ್ದರೆ ಅದು ಒಂದು ಪೂರ್ತಿ ವರ್ಷ. ಹತ್ತು ವರ್ಷ ಏಳು ತಿಂಗಳು ಅಂದರೆ ಹನ್ನೊಂದು.

ಈಗ ಮುಂದಿನ ಸಾಲಿನಲ್ಲಿ ಕೂತಿರುವ ಅಂಗನವಾಡಿಯವರ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಕಥೆಯಲ್ಲಿ ಕರ್ನಾಟಕ ಮೊದಲು ಸೋಲಿನಲ್ಲಿದೆ.

ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಇಡೀ ದೇಶದಲ್ಲಿ 33 ಕಡೆ. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಮಕ್ಕಳ ತೂಕ ನೋಡಬೇಕು, ಊಟ ಕೊಡಬೇಕು, ಅಕ್ಷರ ಹೇಳಿಕೊಡಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಲಸಿಕೆಗೆ ಕರೆದುಕೊಂಡು ಹೋಗಬೇಕು, ಪುಸ್ತಕದಲ್ಲಿ ಬರೆಯಬೇಕು, ಈಗ ಮೊಬೈಲಿನಲ್ಲೂ ತುಂಬಬೇಕು. ಇಷ್ಟಕ್ಕೆ ಕೊಡುವುದಕ್ಕೆ ಸಂಬಳ ಅನ್ನಲಿಲ್ಲ. ಗೌರವಧನ ಅಂದರು. ಕೆಲಸ ಮಾಡುವವರಿಗೆ ಸ್ವಯಂಸೇವಕರು ಅಂದರು.

ನಮ್ಮ ರಾಜ್ಯದ ಕಾರ್ಯಕರ್ತೆಯರು ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋದರು. ಆ ಕೇಸು ಸುಪ್ರೀಂ ಕೋರ್ಟಿಗೆ ಮುಟ್ಟಿ, 2006ರ ಡಿಸೆಂಬರಿನಲ್ಲಿ ತೀರ್ಪು ಬಂತು. ಕಾನೂನು ಪುಸ್ತಕಗಳಲ್ಲಿ ಅಮೀರ್‌ಬಿ ಕೇಸು ಅಂತ ಇದೆ. ನೀವು ಸರ್ಕಾರದ ಸಿವಿಲ್ ಹುದ್ದೆಯಲ್ಲಿ ಇಲ್ಲ, ಆದ್ದರಿಂದ ನ್ಯಾಯಮಂಡಳಿಗೆ ಬರುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಅಲ್ಲಿಂದ ಹದಿನೈದು ವರ್ಷ, ಅಂಗನವಾಡಿಯವರು ಏನೇ ಕೇಳಿದರೂ ಸರ್ಕಾರದ ವಕೀಲರು ಮೇಜಿನ ಮೇಲೆ ಇಡುತ್ತಿದ್ದದ್ದು ಅದೇ ತೀರ್ಪು.

ಆಮೇಲೆ ಗುಜರಾತಿನ ದಾಹೋದ್ ಜಿಲ್ಲೆಯಿಂದ ನಿವೃತ್ತ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಬಂದರು. ಅವರು ಸರ್ಕಾರಿ ಹುದ್ದೆ ಕೇಳಲಿಲ್ಲ. ಗ್ರಾಚುಟಿ ಕೇಳಿದರು. ಇದು ಚೆನ್ನಾಗಿ ಯೋಚಿಸಿ ಕೇಳಿದ್ದು. ಯಾಕೆಂದರೆ ಗ್ರಾಚುಟಿಗೆ ಸರ್ಕಾರಿ ಹುದ್ದೆ ಬೇಕಾಗಿಲ್ಲ. ಒಂದು ಸಂಸ್ಥೆ ಇರಬೇಕು, ಅಲ್ಲಿ ಕೂಲಿಗೆ ಕೆಲಸ ಮಾಡಿರಬೇಕು, ಅಷ್ಟೇ. 2022ರ ಏಪ್ರಿಲ್ 25ರಂದು ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನ್ಯಾಯಮೂರ್ತಿ ಅಭಯ್ ಓಕಾ ತೀರ್ಪು ಕೊಟ್ಟರು. ಓಕಾ ಅವರು ಅದಕ್ಕೆ ಮುಂಚೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು.

ಅವರು ನೋಡಿದ ರೀತಿ ನನಗೆ ತುಂಬ ಇಷ್ಟವಾಯಿತು. 2006ರ ತೀರ್ಪು ತಪ್ಪು ಅಂತ ಅವರು ಹೇಳಲಿಲ್ಲ. ಅಲ್ಲಿಂದ ಈಚೆಗೆ ಏನೇನು ಬದಲಾಗಿದೆ ಅಂತ ನೋಡಿದರು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಗರ್ಭಿಣಿಗೆ, ಮಗುವಿಗೆ ಊಟ ಕೊಡುವುದು ಸರ್ಕಾರದ ಕಾನೂನುಬದ್ಧ ಹೊಣೆ ಆಯಿತು. ಆ ಹೊಣೆಯನ್ನು ಹೊತ್ತು ನಡೆಸುವುದು ಅಂಗನವಾಡಿ. ಹಾಗಾದರೆ ಅದು ಬರೀ ಒಂದು ಯೋಜನೆ ಅಲ್ಲ, ಸರ್ಕಾರದ ಕೈ. ಮಕ್ಕಳಿಗೆ ಪಾಠ ನಡೆಯುವುದರಿಂದ ಅದು ಶಿಕ್ಷಣ ಸಂಸ್ಥೆಯೂ ಹೌದು. ಇನ್ನು ಗೌರವಧನ. ಗ್ರಾಚುಟಿ ಕಾಯ್ದೆಯಲ್ಲಿ ವೇತನ ಅನ್ನುವುದಕ್ಕೆ ಕೊಟ್ಟಿರುವ ಅರ್ಥ ಎಷ್ಟು ವಿಶಾಲವಾಗಿದೆ ಅಂದರೆ, ಕೆಲಸ ಮಾಡಿದ್ದಕ್ಕೆ ಕೊಡುವ ದುಡ್ಡು ಗೌರವಧನ ಅನ್ನುವ ಹೆಸರಿನಲ್ಲಿ ಬಂದರೂ ಅದರೊಳಗೆ ಬರುತ್ತದೆ. ಗುಜರಾತಿನಲ್ಲಿ ಆಗ ಕಾರ್ಯಕರ್ತೆಗೆ ತಿಂಗಳಿಗೆ 7,800, ಸಹಾಯಕಿಗೆ 3,950 ರೂಪಾಯಿ ಕೊಡುತ್ತಿದ್ದರು. ಇದನ್ನೂ ತೀರ್ಪಿನಲ್ಲಿ ಬರೆದಿದ್ದಾರೆ. ಇಷ್ಟು ದೊಡ್ಡ ಕೆಲಸಕ್ಕೆ ಇಷ್ಟು ಕಮ್ಮಿ ಕೊಡುತ್ತಿರುವ ಬಗ್ಗೆ ಸರ್ಕಾರಗಳು ಯೋಚಿಸಬೇಕು ಅಂತ ಹೇಳಿದ್ದಾರೆ.

ಇದೇ ದಾರಿಯಲ್ಲಿ ಇನ್ನೊಂದು, 2018ರದ್ದು. ಛತ್ತೀಸ್‌ಗಢದ ಒಬ್ಬ ನೌಕರ 22 ವರ್ಷ ದಿನಗೂಲಿ, ಆಮೇಲೆ ಮೂರು ವರ್ಷ ಕಾಯಂ. ಕಾಯಂ ಸರ್ವಿಸ್ ಐದು ವರ್ಷ ಆಗಿಲ್ಲ, ಗ್ರಾಚುಟಿ ಇಲ್ಲ ಅಂತ ಸರ್ಕಾರ. 25 ವರ್ಷವೂ ಅದೇ ಮನುಷ್ಯ ಅದೇ ಇಲಾಖೆಗೆ ದುಡಿದಿದ್ದಾನೆ, ಪೂರ್ತಿ ಲೆಕ್ಕ ಹಾಕಿ ಕೊಡಿ ಅಂತ ಸುಪ್ರೀಂ ಕೋರ್ಟ್. ಇದನ್ನು ಸುಪ್ರೀಂ ಕೋರ್ಟ್ ತನಕ ಎಳೆದರಲ್ಲ ಅಂತ ನನಗೆ ಬೇಜಾರು.

ದಿನಗೂಲಿ ಅಂದಾಗ ಉಮಾದೇವಿ ಕೇಸನ್ನು ಬಿಡೋಕಾಗಲ್ಲ. ಅದೂ ನಮ್ಮ ರಾಜ್ಯದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರದ್ದು. 2006ರ ಏಪ್ರಿಲ್‌ನಲ್ಲಿ ಐದು ನ್ಯಾಯಮೂರ್ತಿಗಳು ಹೇಳಿದರು, ನೇಮಕಾತಿ ನಿಯಮದಂತೆ ಬರದವರು ಎಷ್ಟೇ ವರ್ಷ ದುಡಿದರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವ ಹಾಗಿಲ್ಲ. ಹತ್ತು ವರ್ಷ ದಾಟಿದವರನ್ನು ಒಂದು ಸಲ ಪರಿಗಣಿಸಿ ಅಂತಲೂ ಅದರಲ್ಲೇ ಹೇಳಿದ್ದರು. ಸರ್ಕಾರಗಳು ಮೊದಲನೆಯದನ್ನು ಮಾತ್ರ ಓದಿದವು. 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ಕಸ ಗುಡಿಸುತ್ತಿದ್ದವರ, ಗಿಡ ನೋಡಿಕೊಳ್ಳುತ್ತಿದ್ದವರ ಕೇಸಿನಲ್ಲಿ, ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿತು. ವರ್ಷಾನುಗಟ್ಟಲೆ ಬೇಕಾದ ಕೆಲಸವನ್ನು ತಾತ್ಕಾಲಿಕ ಅನ್ನುವ ಹೆಸರಲ್ಲಿ ಮಾಡಿಸಿಕೊಂಡು, ಕೊನೆಗೆ ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಅಂತ.

ಈಗ ಪಿಎಫ್. ನಾನು ಹೊಲಿಗೆ ಕೆಲಸದ ಒಬ್ಬ ಅಮ್ಮನ ಸ್ಯಾಲರಿ ಸ್ಲಿಪ್ ತಂದಿದ್ದೇನೆ. ಹೆಸರು, ಕಂಪನಿ ಎರಡನ್ನೂ ಕಾಗದ ಅಂಟಿಸಿ ಮುಚ್ಚಿದ್ದೇನೆ. ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗಾಗಿದೆ. ಆಯಮ್ಮ ಇದನ್ನು ರೇಷನ್ ಕಾರ್ಡಿನ ಕವರಿನೊಳಗೆ ಇಟ್ಟುಕೊಂಡಿದ್ದರು. 2017ರದ್ದು. ಓದುತ್ತೇನೆ ಕೇಳಿ. ಬೇಸಿಕ್ ಮತ್ತು ಡಿಎ 8,500. ಮನೆ ಬಾಡಿಗೆ ಭತ್ಯೆ 2,000. ಕನ್ವೇಯನ್ಸ್ 1,000. ಸ್ಪೆಷಲ್ ಅಲವೆನ್ಸ್ 2,500. ಒಟ್ಟು 14,000. ಪಿಎಫ್ ಹಿಡಿದಿರುವುದು 1,020 ರೂಪಾಯಿ. ಅಂದರೆ 8,500ಕ್ಕೆ ಮಾತ್ರ ಶೇ 12.

ನಾನು ಅವರನ್ನು ಕೇಳಿದೆ, ಅಮ್ಮ, ಈ ಸ್ಪೆಷಲ್ ಅಲವೆನ್ಸ್ ಯಾತಕ್ಕೆ ಕೊಡುತ್ತಿದ್ದರು? "ಗೊತ್ತಿಲ್ಲ ಮೇಡಂ, ಎಲ್ಲಾರ್ಗೂ ಬರ್ತಿತ್ತು." ಜಾಸ್ತಿ ಪೀಸ್ ಹೊಲಿದರೆ ಜಾಸ್ತಿ ಬರ್ತಿತ್ತಾ? "ಇಲ್ಲ, ಅಷ್ಟೇ ಬರ್ತಿತ್ತು."

ಇವೆರಡು ಉತ್ತರದಲ್ಲಿ ಒಂದು ಇಡೀ ತೀರ್ಪು ಇದೆ. 2019ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟ್ ಹೀಗೇ ಹಲವು ಸಂಸ್ಥೆಗಳ ಕೇಸುಗಳನ್ನು ಒಟ್ಟಿಗೆ ಸೇರಿಸಿ ತೀರ್ಮಾನ ಮಾಡಿತು. ಅದರಲ್ಲಿ ಒಂದು ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ ಅನ್ನುವ ಶಾಲೆಯದ್ದು, ಅದೇ ಹೆಸರಲ್ಲಿ ತೀರ್ಪನ್ನು ಕರೆಯುತ್ತಾರೆ. ಕೋರ್ಟ್ ಕೇಳಿದ್ದು ನಾನು ಆಯಮ್ಮನನ್ನು ಕೇಳಿದ್ದನ್ನೇ. ಈ ಭತ್ಯೆ ಎಲ್ಲರಿಗೂ ಬರುತ್ತದಾ? ಕೆಲಸ ಜಾಸ್ತಿ ಮಾಡಿದರೆ ಏರುತ್ತದಾ, ಕಮ್ಮಿ ಮಾಡಿದರೆ ಇಳಿಯುತ್ತದಾ? ಎಲ್ಲರಿಗೂ ಒಂದೇ ಥರ ಬರುತ್ತಿದ್ದರೆ, ದುಡಿಮೆಗೆ ತಕ್ಕಂತೆ ಏರಿಳಿಯದಿದ್ದರೆ, ಅದು ಬೇಸಿಕ್‌ನ ಭಾಗವೇ. ಅದರ ಮೇಲೂ ಪಿಎಫ್ ಕಟ್ಟಬೇಕು. ಏರಿಳಿಯುತ್ತದೆ ಅಂತ ತೋರಿಸುವ ದಾಖಲೆಯನ್ನು ಆ ಸಂಸ್ಥೆಗಳು ಕೊಡಲೇ ಇಲ್ಲ.

ಆಯಮ್ಮನ ಸ್ಲಿಪ್ಪಿಗೆ ಇದನ್ನು ಹಚ್ಚಿ ನೋಡಿ. ಮನೆ ಬಾಡಿಗೆ ಭತ್ಯೆಯನ್ನು ಪಿಎಫ್ ಕಾಯ್ದೆಯೇ ಹೊರಗೆ ಇಟ್ಟಿದೆ, ಅದನ್ನು ಬಿಡೋಣ. ಉಳಿದಿದ್ದು 12,000. ಅದಕ್ಕೆ ಶೇ 12 ಅಂದರೆ 1,440. ವ್ಯತ್ಯಾಸ 420. ಮಾಲೀಕರ ಕಡೆಯಿಂದಲೂ 420. ತಿಂಗಳಿಗೆ 840, ವರ್ಷಕ್ಕೆ 10,080 ರೂಪಾಯಿ, ಬಡ್ಡಿ ಬಿಟ್ಟು.

ಹಿಂದುಗಡೆಯಿಂದ ಯಾರೋ ಕೇಳುತ್ತಿದ್ದೀರಿ, ಕೈಗೆ ಬರೋದು 420 ಕಮ್ಮಿ ಆಗುತ್ತಲ್ಲ ಅಂತ. ಆಗುತ್ತದೆ ಅಣ್ಣ. ಅದನ್ನು ಮುಚ್ಚಿಡೋದಿಲ್ಲ. ಬಾಡಿಗೆ ಮನೆ, ಮಕ್ಕಳ ಫೀಸು ಇರುವಾಗ 420 ಸಣ್ಣ ದುಡ್ಡಲ್ಲ. ಆದರೆ ಆ 420 ನಿಮ್ಮ ಖಾತೆಯಲ್ಲೇ ಇರುತ್ತದೆ, ಜೊತೆಗೆ ಅವರ 420 ಬರುತ್ತದೆ. ಅಲವೆನ್ಸ್ ಅಂತ ಹೆಸರಿಟ್ಟಾಗ ಕಂಪನಿಗೆ ಉಳಿಯುತ್ತಿದ್ದದ್ದು ಆ ಎರಡನೇ 420. ನಾನು ಸಂಕಟ ಪಡುವುದು ಅದಕ್ಕೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ರಜೆ ಉಳಿಸಿಕೊಂಡು ಅದನ್ನು ದುಡ್ಡು ಮಾಡಿಕೊಳ್ಳುತ್ತೇವಲ್ಲ, ಅದರ ಮೇಲೆ ಪಿಎಫ್ ಬೇಕಾ? ಈ ಕೇಸು ಹೋದದ್ದು ನಮ್ಮ ಮಣಿಪಾಲದಿಂದ. ಬೇಡ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲವರು ರಜೆ ಹಾಕುತ್ತಾರೆ, ಕೆಲವರು ಉಳಿಸುತ್ತಾರೆ, ಎಲ್ಲರಿಗೂ ಬರುವ ದುಡ್ಡು ಅದಲ್ಲ ಅಂತ. ನನಗೆ ಈ ತೀರ್ಪಿನ ಮೇಲೆ ದೂರಿಲ್ಲ. ಅಳತೆಗೋಲು ಎರಡೂ ಕಡೆಗೆ ಒಂದೇ.

ಹೊಸ ಸುದ್ದಿ ಏನೆಂದರೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಬೇಸಿಕ್ ಕುಗ್ಗಿಸಿ ಭತ್ಯೆ ಹಿಗ್ಗಿಸುವ ಆಟಕ್ಕೆ ಅದು ಒಂದು ಮಿತಿ. ನಿಗದಿತ ಅವಧಿಗೆ ಸೇರಿದವರಿಗೆ ಗ್ರಾಚುಟಿಗೆ ಐದು ವರ್ಷ ಬೇಡ, ಒಂದು ವರ್ಷ ಸಾಕು ಅಂತಲೂ ಇದೆ. ಗುತ್ತಿಗೆ ಮುಗಿಸಿ ಗುತ್ತಿಗೆ ಕೊಡುವವರ ಹತ್ತಿರ ಕೆಲಸ ಮಾಡುವವರು ಇದನ್ನು ನೆನಪಿಡಿ.

ಪಿಎಫ್ ಹಿಡಿದು ಕಟ್ಟದೇ ಇರುವವರ ಬಗ್ಗೆ ಕೇಳಿದ್ದೀರಿ. ಕೊಡಗಿನ ಗೋಣಿಕೊಪ್ಪದ ತೋಟಗಾರಿಕೆ ಪ್ರಯೋಗ ಕೇಂದ್ರದ ಕೇಸು ಇದಕ್ಕೆ ಉತ್ತರ. 1975ರ ಜನವರಿಯಿಂದ 1988ರ ಅಕ್ಟೋಬರ್ ತನಕ ಅಲ್ಲಿ ಪಿಎಫ್ ಕಟ್ಟಿರಲಿಲ್ಲ. ಬಾಕಿಯ ಜೊತೆಗೆ ದಂಡವನ್ನೂ ಹಾಕಿದರು. ನಾವು ಬೇಕಂತ ಮಾಡಿದ್ದಲ್ಲ, ದಂಡ ಯಾಕೆ ಅನ್ನುವುದು ಸಂಸ್ಥೆಯ ವಾದ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಉದ್ದೇಶ ಏನೇ ಇರಲಿ, ಕಟ್ಟಬೇಕಾದ್ದನ್ನು ಕಟ್ಟಲಿಲ್ಲ ಅನ್ನುವುದೇ ದಂಡಕ್ಕೆ ಸಾಕು. ಅದೇ ವರ್ಷ ಅಕ್ಟೋಬರಿನಲ್ಲಿ, ಆದಾಯ ತೆರಿಗೆಯ ಒಂದು ಕೇಸಿನಲ್ಲಿ, ಇನ್ನೊಂದು ಒಳ್ಳೇ ಮಾತು ಬಂತು. ನಿಮ್ಮ ಸಂಬಳದಿಂದ ಹಿಡಿದ ಪಾಲು ಕಂಪನಿಯ ದುಡ್ಡೇ ಅಲ್ಲ, ನಿಮ್ಮ ಪರವಾಗಿ ಅವರು ಕೈಯಲ್ಲಿ ಹಿಡಿದುಕೊಂಡಿರುವುದು ಅಷ್ಟೇ. ಗಡುವು ದಾಟಿ ಕಟ್ಟಿದರೆ ಅದಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ.

ಕಂಪನಿ ಮುಳುಗಿದರೆ? ಪಿಎಫ್ ಬಾಕಿ ಬ್ಯಾಂಕಿನ ಸಾಲಕ್ಕಿಂತ ಮುಂದೆ ನಿಲ್ಲುತ್ತದೆ ಅಂತ 2009ರಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ವಿಷಯದಲ್ಲಿ ತೀರ್ಮಾನ ಆಯಿತು. ಬ್ಯಾಂಕಿಗೆ ಅಡವಿಟ್ಟ ಸಕ್ಕರೆ ಮೂಟೆಯ ಮೇಲೂ ಮೊದಲ ಹಕ್ಕು ಕಾರ್ಮಿಕರ ಪಿಎಫ್‌ದು.

ಇನ್ನು ನಾವು ಸೋತ ದೊಡ್ಡ ಕೇಸು. ನಿವೃತ್ತರು ಇವತ್ತು ಬಂದಿರುವುದೇ ಇದಕ್ಕೆ ಅಂತ ಗೊತ್ತು.

ಪಿಎಫ್ ಪೆನ್ಶನ್ ಯೋಜನೆ ಶುರುವಾಗಿದ್ದು 1995ರ ನವೆಂಬರ್ 16ರಂದು. ಮಾಲೀಕರು ಕಟ್ಟುವ 12ರಲ್ಲಿ 8.33 ಭಾಗ ಇದಕ್ಕೆ ಹೋಗುತ್ತದೆ. ಲೆಕ್ಕ ಹೀಗೆ: ಪೆನ್ಶನ್‌ಗೆ ಹಿಡಿಯುವ ಸಂಬಳವನ್ನು ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ 15,000, ಸರ್ವಿಸ್ 14 ವರ್ಷ ಆದರೆ ತಿಂಗಳಿಗೆ 3,000. ನಿಜವಾದ ಸಂಬಳ 60,000 ಇದ್ದರೂ ಮಿತಿ 15,000ವೇ. ಪೂರ್ತಿ ಸಂಬಳದ ಮೇಲೆ ಕಟ್ಟಿದ್ದರೆ 12,000 ಬರುತ್ತಿತ್ತು. ಹಾಗೆ ಪೂರ್ತಿ ಸಂಬಳದ ಮೇಲೆ ಕಟ್ಟಲು ಯೋಜನೆಯಲ್ಲೇ ಒಂದು ಆಯ್ಕೆ ಇತ್ತು. ಎಷ್ಟು ಜನರಿಗೆ ಗೊತ್ತಿತ್ತು? 2016ರಲ್ಲಿ ಸುಪ್ರೀಂ ಕೋರ್ಟ್, ಆ ಆಯ್ಕೆಗೆ ಕೊನೆಯ ದಿನ ಅಂತ ಇಲ್ಲ ಅಂದಿತು. 2018ರಲ್ಲಿ ಕೇರಳ ಹೈಕೋರ್ಟ್, ಆ ಆಯ್ಕೆಯನ್ನು ಬಿಗಿ ಮಾಡಿದ್ದ 2014ರ ತಿದ್ದುಪಡಿಯನ್ನೇ ತೆಗೆದುಹಾಕಿತು. ದೊಡ್ಡ ಆಸೆ ಹುಟ್ಟಿತು. ಎಷ್ಟು ಜನ ಹಿರಿಯರು ಫೈಲು ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತಿದರು ಅಂತ ಲೆಕ್ಕ ಇಟ್ಟಿಲ್ಲ.

2022ರ ನವೆಂಬರ್ 4ರಂದು ಮೂವರು ನ್ಯಾಯಮೂರ್ತಿಗಳ ಪೀಠ 2014ರ ತಿದ್ದುಪಡಿಯ ಬಹುಪಾಲನ್ನು ಉಳಿಸಿತು. 2014ರ ಸೆಪ್ಟೆಂಬರ್ 1ರಂದು ಕೆಲಸದಲ್ಲಿದ್ದು ಮುಂದುವರಿದವರಿಗೆ ಮತ್ತೆ ಆಯ್ಕೆ ಕೊಡಲು ನಾಲ್ಕು ತಿಂಗಳು ಸಿಕ್ಕಿತು, ಅದು ಮುಂದೆ 2023ರ ಜುಲೈ ತನಕ ಹೋಯಿತು. ಆ ದಿನಕ್ಕೆ ಮುಂಚೆ ಆಯ್ಕೆ ಕೊಡದೆ ನಿವೃತ್ತರಾಗಿದ್ದವರಿಗೆ ಏನೂ ಸಿಗಲಿಲ್ಲ. ಸಂಬಳವನ್ನು ಕೊನೆಯ 12 ತಿಂಗಳ ಬದಲು 60 ತಿಂಗಳ ಸರಾಸರಿಯಿಂದ ಹಿಡಿಯುವುದೂ ಉಳಿಯಿತು. ನಿಧಿ ಖಾಲಿಯಾಗದ ಹಾಗೆ ನೋಡಿಕೊಳ್ಳಬೇಕು ಅನ್ನುವ ವಾದ ಅಲ್ಲಿ ಗೆದ್ದಿತು. ಅದರಲ್ಲಿ ತೂಕ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ದಿನಾಂಕದ ಗೆರೆ ಎಳೆದು ಈ ಕಡೆಯವರು, ಆ ಕಡೆಯವರು ಅಂತ ಮಾಡುವುದನ್ನು ನಾಕರಾ ಕೇಸಿನಲ್ಲಿ ಇದೇ ಕೋರ್ಟ್ ಒಪ್ಪಿರಲಿಲ್ಲ. ಅದು ಸರ್ಕಾರದ ಪೆನ್ಶನ್, ಇದು ಎಲ್ಲರೂ ಕಟ್ಟಿದ ನಿಧಿ, ಎರಡೂ ಬೇರೆ ಅನ್ನುವುದು ಉತ್ತರ. ಕಾನೂನಿನ ಪುಸ್ತಕದಲ್ಲಿ ಆ ಉತ್ತರ ಸರಿ. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು, 2014ಕ್ಕೆ ಮುಂಚೆ ಮನೆಗೆ ಹೋದ ಯಜಮಾನರಿಗೆ ಅದನ್ನು ಹೇಗೆ ಹೇಳಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಕಂಡಕ್ಟರ್ ಕೆಲಸ ಮಾಡಿದ ಒಬ್ಬರು ಚೀಟಿ ಕಳಿಸಿದ್ದಾರೆ. ಕೆಲಸದಿಂದ ತೆಗೆದರೆ ಗ್ರಾಚುಟಿ ಪೂರ್ತಿ ಹೋಗುತ್ತದಾ ಅಂತ. ತಾನಾಗಿಯೇ ಹೋಗುವುದಿಲ್ಲ. ನಿಮ್ಮಿಂದ ಸಂಸ್ಥೆಗೆ ನಷ್ಟ ಆಗಿದ್ದರೆ ಆ ನಷ್ಟದಷ್ಟು ಹಿಡಿಯಬಹುದು. ಗಲಾಟೆ, ಹಿಂಸೆ ಅಥವಾ ನೀತಿಗೆಟ್ಟ ಅಪರಾಧ ಅಂತ ಆದರೆ ಪೂರ್ತಿಯಾಗಿ ಇಲ್ಲವೇ ಒಂದಷ್ಟು ಹಿಡಿಯಬಹುದು. ಅದಕ್ಕೆ ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆ ಆಗಿರಬೇಕು ಅಂತ 2018ರಿಂದ ನಾವು ವಾದಿಸುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಬೇಕಾಗಿಲ್ಲ, ಇಲಾಖಾ ವಿಚಾರಣೆ ಸಾಕು ಅಂದಿತು. ಆದರೆ ಅದೇ ತೀರ್ಪಿನಲ್ಲಿ ಮಹಾರಾಷ್ಟ್ರ ಸಾರಿಗೆಯ ಕಂಡಕ್ಟರುಗಳ ಕೇಸೂ ಇತ್ತು, ಟಿಕೆಟ್ ದುಡ್ಡಿನ ಆರೋಪ. ಅವರ ಗ್ರಾಚುಟಿಯಲ್ಲಿ ಶೇ 25ಕ್ಕಿಂತ ಜಾಸ್ತಿ ಹಿಡಿಯಬೇಡಿ ಅಂತ ಕೋರ್ಟ್ ಹೇಳಿತು. ತಪ್ಪಿನ ಗಾತ್ರ ನೋಡಿ ಹಿಡಿಯಬೇಕು ಅಂತ ಅರ್ಥ. ನಿಮಗೆ ಪೂರ್ತಿ ನಿಲ್ಲಿಸಿದ್ದಾರೆ ಅಂದರೆ ಆದೇಶದ ಪ್ರತಿ ತನ್ನಿ, ಕಾರಣ ಬರೆದಿದ್ದಾರಾ ನೋಡೋಣ.

ಕೊನೆಗೆ ಕೆಲಸದ ಮಾತು. ಗ್ರಾಚುಟಿ ಕೆಲಸ ಬಿಟ್ಟ 30 ದಿನದೊಳಗೆ ಕೈಗೆ ಬರಬೇಕು. ತಡವಾದರೆ ಬಡ್ಡಿ ಕೊಡಬೇಕು, 1972ರ ಕಾಯ್ದೆಯಡಿ ಅದು ವರ್ಷಕ್ಕೆ ಶೇ 10 ಇತ್ತು. ಕೊಡದಿದ್ದರೆ ಲೇಬರ್ ಕೋರ್ಟಿಗೆ ಹೋಗಬೇಕಾಗಿಲ್ಲ, ಕಾರ್ಮಿಕ ಇಲಾಖೆಯಲ್ಲೇ ಅಧಿಕಾರಿ ಇದ್ದಾರೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ನಿಮಗೆ ಗೊತ್ತಿರಬೇಕು. ಅವರು ಕೇಳುವ ಮೊದಲ ಪ್ರಶ್ನೆ, ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಏನಿದೆ? ನನ್ನ ಅನುಭವದಲ್ಲಿ ನಾವು ಸೋಲುವುದು ಜಾಸ್ತಿ ಇಲ್ಲೇ, ಕಾನೂನಿನಲ್ಲಿ ಅಲ್ಲ. ಐಡಿ ಕಾರ್ಡು ವಾಪಸ್ ಕೊಟ್ಟುಬಿಟ್ಟಿರುತ್ತಾರೆ. ಸ್ಲಿಪ್ ಎಸೆದಿರುತ್ತಾರೆ. ಖಾಲಿ ಕಾಗದಕ್ಕೆ ಸಹಿ ಹಾಕಿರುತ್ತಾರೆ. ಕಂಪನಿ ಹೆಸರು ಎರಡು ಸಲ ಬದಲಾಗಿರುತ್ತದೆ, ಸೇರಿದ ದಿನಾಂಕ ಹೊಸ ಹೆಸರಿನದ್ದಾಗಿರುತ್ತದೆ. ಐಡಿ ಕಾರ್ಡಿನ ಎರಡೂ ಕಡೆ ಫೋಟೋ ತೆಗೆದುಕೊಳ್ಳಿ. ಪ್ರತಿ ತಿಂಗಳ ಸ್ಲಿಪ್ಪಿನ ಫೋಟೋ ಇರಲಿ. ಬ್ಯಾಂಕಿಗೆ ಸಂಬಳ ಬಂದ ಮೆಸೇಜು ಅಳಿಸಬೇಡಿ. ಪಿಎಫ್ ಪಾಸ್‌ಬುಕ್ಕನ್ನು ಮೂರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಿ, ಮಗನೋ ಮಗಳೋ ತೆಗೆದುಕೊಡುತ್ತಾರೆ. ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ.

ಸ್ಲಿಪ್ ತಂದವರು ಈಗ ಈ ಮೇಜಿನ ಹತ್ತಿರ ಬನ್ನಿ. ಇನ್ನೂ ಒಂದು ಗಂಟೆ ಇಲ್ಲೇ ಇರುತ್ತೇನೆ. ಅಂಗನವಾಡಿಯವರು ಸೇರಿದ ಆದೇಶದ ಪ್ರತಿ ತಂದಿದ್ದರೆ ಅದನ್ನು ಮೊದಲು ನೋಡೋಣ, ಅವರಿಗೆ ಬಸ್ಸಿಗೆ ಹೊತ್ತಾಗುತ್ತದೆ.